ಸಾರ್, ನಮ್ಮ ಅಡ್ವಾನ್ಸು?

ಜೂನ್ ಬಂತು ಅಂದರೆ ನಮ್ಮ ಕ್ಯಾಂಪಸ್ಸಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ತರದ ಮೆಸೇಜು ಓಡಾಡುತ್ತವೆ. ಒಂದು, 'ಎರಡು ಬೆಡ್‌ರೂಮಿನ ಮನೆ ಬೇಕು, ಬ್ಯಾಚುಲರ್ಸ್‌ಗೆ ಕೊಡೋರು ಯಾರಾದ್ರೂ ಇದ್ರೆ ಹೇಳ್ರಪ್ಪ.' ಇನ್ನೊಂದು, 'ಓನರ್ ಅಡ್ವಾನ್ಸ್ ಕೊಡ್ತಿಲ್ಲ, ಏನ್ ಮಾಡೋದು?' ಮೊದಲನೆಯದಕ್ಕೆ ಹತ್ತಾರು ಉತ್ತರ ಬರುತ್ತವೆ. ಎರಡನೆಯದಕ್ಕೆ ನಾಲ್ಕು ಅಳುವ ಇಮೋಜಿ ಬಂದು ಅಲ್ಲಿಗೆ ಮುಗಿಯುತ್ತದೆ. ಕಳೆದ ವರ್ಷ ಆ ಎರಡನೇ ಮೆಸೇಜು ಹಾಕಿದವರು ನಾವು. ಆಮೇಲೆ ನಾಲ್ಕು ತಿಂಗಳು ಓಡಾಡಿ, ಓದಿ, ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಇ ಅಂಡ್ ಸಿ. ಹಾಸ್ಟೆಲಿನಲ್ಲಿ ಮೂರನೇ ವರ್ಷಕ್ಕೆ ಸೀಟು ಸಿಗಲಿಲ್ಲ. ಬೆಂಗಳೂರಿನ ಬನಶಂಕರಿ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡನೇ ಮಹಡಿಯ ಮನೆ ಹಿಡಿದೆವು. ಬಾಡಿಗೆ 22,000, ಮೇಂಟೆನೆನ್ಸ್ 2,000, ಅಡ್ವಾನ್ಸ್ 1,50,000. ತಲೆಗೆ 37,500 ರೂಪಾಯಿ. ಹೇಳುವುದಕ್ಕೆ ಸಣ್ಣ ಸಂಖ್ಯೆ. ಆದರೆ ದಾವಣಗೆರೆಯ ಗೆಳೆಯನ ಅಪ್ಪ ಅದಕ್ಕಾಗಿ ಸೊಸೈಟಿಯಲ್ಲಿ ಸಾಲ ಮಾಡಿದ್ದರು, ಇನ್ನೊಬ್ಬನ ಅಮ್ಮ ಚೀಟಿ ಎತ್ತಿದ್ದರು. ನಾವು ಮನೆ ಬಿಟ್ಟ ದಿನವೇ ಆ ದುಡ್ಡು ಊರಿಗೆ ವಾಪಸ್ ಹೋಗಬೇಕು ಅಂತ ಮಾತಾಗಿತ್ತು.

ಓನರ್ ಅಮೆರಿಕದಲ್ಲಿ. ಅವರ ಮುಖ ನಾವು ನೋಡಿದ್ದೇ ಇಲ್ಲ. ಮನೆ ನೋಡಿಕೊಳ್ಳುವುದು ಒಬ್ಬ 'ಮ್ಯಾನೇಜರ್'. ಅವರ ಕೈಯಲ್ಲಿ ಇಂಥ ಹತ್ತು ಹನ್ನೆರಡು ಮನೆಗಳಿದ್ದವು, ಹೆಚ್ಚುಕಮ್ಮಿ ಎಲ್ಲದರಲ್ಲೂ ನಮ್ಮಂಥ ಹುಡುಗರು. ಬಾಡಿಗೆ ಐದನೇ ತಾರೀಕು ದಾಟಿದರೆ ಅವರ ಫೋನು ಬೆಳಗ್ಗೆ ಏಳಕ್ಕೇ ಬರುತ್ತಿತ್ತು. ನಾವು ಮಾಡಿದ ಫೋನು ಮಾತ್ರ ಅವರಿಗೆ ಸಿಗುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಬಾತ್‌ರೂಮಿನ ಸೀಲಿಂಗ್ ಒದ್ದೆಯಾಗತೊಡಗಿತು. ಮೊದಲು ತಟ್ಟೆಯಷ್ಟು ಕಲೆ, ಆಮೇಲೆ ಪುಟ್ಟಿ ಉದುರಿತು, ಆಮೇಲೆ ಬಾಗಿಲಿನ ಚೌಕಟ್ಟಿನ ಗುಂಟ ನೀರಿಳಿದು ಬಾಗಿಲು ಉಬ್ಬಿಕೊಂಡಿತು. "ನಾಳೆ ಪ್ಲಂಬರ್‌ನ ಕಳಿಸ್ತೀನಿ ಕಣ್ರಪ್ಪ" ಅಂದರು ಮ್ಯಾನೇಜರ್. ಆ ನಾಳೆ ಬಂದದ್ದು ದೀಪಾವಳಿ ಕಳೆದ ಮೇಲೆ. ಬಂದವರು ಪ್ಲಂಬರ್ ಕೂಡ ಅಲ್ಲ, ಪೇಂಟರ್. ಕಲೆಯ ಮೇಲೆ ಬಿಳಿ ಬಣ್ಣ ಬಳಿದು ಹೋದರು. ನಮ್ಮ ಸಿವಿಲ್ ಗೆಳೆಯ ತಲೆ ಚಚ್ಚಿಕೊಂಡ. ಬಾತ್‌ರೂಮಿನ ಕೆಳಗೆ ಪೈಪು ಹಾಯಿಸಲು ಸ್ಲ್ಯಾಬನ್ನು ತಗ್ಗಿಸಿ ಹಾಕಿರುತ್ತಾರೆ, ಸಂಕನ್ ಸ್ಲ್ಯಾಬ್. ಮೇಲಿನ ಮನೆಯ ಟೈಲ್ಸ್ ಸಂದು ಬಿಟ್ಟು, ಅಲ್ಲಿನ ವಾಟರ್‌ಪ್ರೂಫಿಂಗ್ ಹೋಗಿದ್ದರೆ ನೀರು ಆ ತಗ್ಗಿನಲ್ಲಿ ನಿಂತು ನಿಧಾನಕ್ಕೆ ಕೆಳಗಿನ ಮನೆಗೆ ಇಳಿಯುತ್ತದೆ. ಕೆಳಗಿನಿಂದ ಎಷ್ಟು ಬಣ್ಣ ಬಳಿದರೂ ಅದು ಜ್ವರಕ್ಕೆ ಪೌಡರ್ ಹಚ್ಚಿದ ಹಾಗೆ. ಮೂರು ವಾರಕ್ಕೆ ಬಣ್ಣ ಉಬ್ಬಿ, ಉಪ್ಪಿನಂಥ ಬಿಳಿ ಹುಡಿ ಹೊರಬಂತು. ನಾವು ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆವು. ಎರಡು ನೀಲಿ ಗೀಟು ಬಂದವು, ಉತ್ತರ ಬರಲಿಲ್ಲ.

ಯಾಕೆ ಹೀಗೆ ಅಂತ ಆಗ ಅರ್ಥವಾಗಿರಲಿಲ್ಲ. ಈಗ ಅನ್ನಿಸುವುದು, ಮ್ಯಾನೇಜರ್ ಕೆಟ್ಟವರೋ ಒಳ್ಳೆಯವರೋ ಅನ್ನುವ ಪ್ರಶ್ನೆಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ನಮ್ಮ ಏಳು ತಿಂಗಳ ಬಾಡಿಗೆಗೆ ಹತ್ತಿರದಷ್ಟು ದುಡ್ಡು ಅವರ ಹತ್ತಿರ ಇತ್ತು, ಅವರದ್ದು ನಮ್ಮ ಹತ್ತಿರ ಏನೂ ಇರಲಿಲ್ಲ. ರಿಪೇರಿ ತಡವಾದರೆ ಅವರಿಗೆ ಲಾಭ, ನಾವು ಜಗಳ ಮಾಡಿದರೆ 'ಖಾಲಿ ಮಾಡಿ' ಅನ್ನಬಹುದು. ಪರೀಕ್ಷೆ ಹತ್ತಿರ ಇಟ್ಟುಕೊಂಡು ಯಾವ ಹುಡುಗ ಮನೆ ಖಾಲಿ ಮಾಡ್ತಾನೆ? ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಅಡ್ವಾನ್ಸ್ ಮಾಮೂಲಿಯಾಗಿತ್ತು. ಈಗ ಐದಾರು ತಿಂಗಳಿಗೆ ಇಳಿದಿದೆ ಅಂತ ನಾವು ಖುಷಿಪಡುತ್ತೇವೆ, ಆದರೆ ತೂಕ ಆ ಕಡೆಗೇ ಇದೆ.

ಕಾನೂನು ಇಲ್ವಾ ಅಂತ ಕೇಳ್ತೀರಿ. ಇದೆ, ಆದರೆ ನಾವು ಅಂದುಕೊಂಡ ಕಡೆ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. ನಾವು ಬಹಳ ಆಸೆಯಿಂದ ತೆರೆದು ಓದಿದೆವು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ ಅಂತ ಎರಡನೇ ಸೆಕ್ಷನ್ನಿನಲ್ಲೇ ಬರೆದಿದೆ. 3,500ಕ್ಕೆ ಇವತ್ತು ಇಲ್ಲಿ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಓದಿ ಕುಣಿಯಬೇಡಿ, ಅದು ಮಾದರಿ ಅಷ್ಟೇ. ರಾಜ್ಯವೊಂದು ಅದನ್ನು ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಆ ರಾಜ್ಯದಲ್ಲಿ ಜಾರಿಯಾಗುತ್ತದೆ.

ಹಾಗಾಗಿ ನಮ್ಮಂಥವರಿಗೆ ಉಳಿಯುವುದು ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆ, 1882. ಹಳೆಯದಾದರೂ ಗಟ್ಟಿ. ಅದರ 108ನೇ ಸೆಕ್ಷನ್ ಬಾಡಿಗೆದಾರರು ಮತ್ತು ಮಾಲೀಕರ ಹಕ್ಕು ಬಾಧ್ಯತೆಗಳನ್ನು ಹೇಳುತ್ತದೆ. ಮನೆಯನ್ನು ನಮಗೆ ಕೊಟ್ಟಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜ ಸವಕಳಿಯನ್ನು ಬಿಟ್ಟು. ಮಾಲೀಕರ ಹೊಣೆಯಾದ ರಿಪೇರಿಯನ್ನು ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ಸೆಕ್ಷನ್ನಿನ ಮೊದಲ ಸಾಲಲ್ಲೇ ಒಂದು ಕೊಕ್ಕೆ ಇದೆ. ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ಪದ್ಧತಿ ಇಲ್ಲದಿದ್ದರೆ ಮಾತ್ರ ಇವೆಲ್ಲ. ಅಂದರೆ ನಾವು ಓದದೇ ಸೈನ್ ಹಾಕಿದ ಅಗ್ರಿಮೆಂಟೇ ನಮ್ಮ ಪಾಲಿನ ಕಾನೂನು.

ಆ ಅಗ್ರಿಮೆಂಟು ಯಾಕೆ ಯಾವಾಗಲೂ 11 ತಿಂಗಳದ್ದು ಅಂತ ತುಂಬ ಜನ ಕೇಳಿದ್ದಾರೆ. ನೋಂದಣಿ ಕಾಯ್ದೆ, 1908ರ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ 11 ತಿಂಗಳು. ಅದರಲ್ಲಿ ಮೋಸವೇನಿಲ್ಲ. ನಮ್ಮ ಮಟ್ಟಿಗೆ ತೊಂದರೆ ಬೇರೆ ಇತ್ತು. ಸ್ಟ್ಯಾಂಪ್ ಪೇಪರಿನ ಅಂಗಡಿಯವರು ಎಲ್ಲರಿಗೂ ಒಂದೇ ನಮೂನೆ ಪ್ರಿಂಟ್ ಹಾಕುತ್ತಾರೆ, ಹೆಸರು ಮತ್ತು ಮೊತ್ತ ಮಾತ್ರ ಬದಲು. 'ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳಲಾಗುವುದು' ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಅನ್ನುವ ಸಾಲು ಇರುವುದಿಲ್ಲ.

ಜೂನ್ ಕೊನೆಗೆ ಮನೆ ಬಿಟ್ಟೆವು. ಹತ್ತು ದಿನ ಕಾದ ಮೇಲೆ ವಾಟ್ಸಾಪಿನಲ್ಲಿ ಲೆಕ್ಕ ಬಂತು. ಪೇಂಟಿಂಗ್ 22,000, ಕ್ಲೀನಿಂಗ್ 6,000, ಬಾತ್‌ರೂಮ್ ಬಾಗಿಲು 9,000, ಗೀಸರ್ 7,500, ಅಡುಗೆಮನೆ ನಲ್ಲಿ ಮತ್ತು ಸಿಂಕ್ 2,500. ಒಟ್ಟು 47,000 ಕಡಿತ. ಬಾಗಿಲು! ಯಾವ ಸೋರಿಕೆಗೆ ನಾವು ಒಂಬತ್ತು ತಿಂಗಳು ಬೇಡಿಕೊಂಡಿದ್ದೆವೋ ಅದರಲ್ಲೇ ಕೊಳೆತ ಬಾಗಿಲು.

ಇಲ್ಲಿ ನಮ್ಮನ್ನು ಉಳಿಸಿದ್ದು ಸಿವಿಲ್ ಗೆಳೆಯನ ಫೋಟೋ ಹುಚ್ಚು. ಸೆಪ್ಟೆಂಬರಿನಿಂದ ಪ್ರತಿ ತಿಂಗಳೂ ಸೀಲಿಂಗ್ ಮತ್ತು ಬಾಗಿಲಿನ ಚಿತ್ರ ಮ್ಯಾನೇಜರಿಗೆ ಹೋಗಿತ್ತು, ತಾರೀಕು ಸಮೇತ. ಗೀಸರ್ ವಿಷಯ ಇನ್ನೂ ಚೆನ್ನಾಗಿದೆ. ಅದರ ಸ್ಟಿಕರಿನಲ್ಲಿ ತಯಾರಾದ ವರ್ಷ 2012 ಅಂತಿತ್ತು. ಆ ಬಿಲ್ಡಿಂಗಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಮೊದಲ ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಹಾಕಿ ನೀರಿನ ಗಡಸುತನ ಅಳೆದದ್ದು ನೆನಪಿದೆಯಲ್ಲ? ಅದೇ ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಕಾಯಿಲ್ ಮೇಲೆ ಪದರವಾಗಿ ಕೂರುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಕಾದು ಸುಡುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಒಳಗೆ ಮೆಗ್ನೀಸಿಯಂ ಸರಳು ಇಟ್ಟಿರುತ್ತಾರೆ. ಅದು ತಾನು ಸವೆದು ಟ್ಯಾಂಕನ್ನು ಕಾಯುತ್ತದೆ, ಕಾಲಕಾಲಕ್ಕೆ ಬದಲಾಯಿಸಬೇಕು. ಹತ್ತು ವರ್ಷ ದಾಟಿದ ಗೀಸರ್ ಸತ್ತದ್ದು ನಮ್ಮ ಸ್ನಾನದಿಂದ ಅಲ್ಲ, ವಯಸ್ಸಿನಿಂದ. ಸಹಜ ಸವಕಳಿ ಅಂದರೆ ಏನು ಅಂತ ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಇದಿಷ್ಟನ್ನೂ ಒಂದು ಪುಟದಲ್ಲಿ ಬರೆದು, ಫೋಟೋ ಸೇರಿಸಿ, ಮ್ಯಾನೇಜರಿಗೂ ಅಗ್ರಿಮೆಂಟಿನಲ್ಲಿದ್ದ ಓನರ್ ವಿಳಾಸಕ್ಕೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಗೆಳೆಯನ ಮಾವ ವಕೀಲರು, "ಕೋಪ ಎಲ್ಲಾ ತೆಗೆದು ತಾರೀಕು ಮಾತ್ರ ಉಳಿಸ್ರೋ" ಅಂದಿದ್ದರು. ಜುಲೈನಲ್ಲಿ 60,000, ಆಗಸ್ಟಿನಲ್ಲಿ 43,000 ಬಂತು. ಅಕ್ಟೋಬರಿನಲ್ಲಿ, ಓನರೇ ಫೋನ್ ಮಾಡಿ ಮಾತಾಡಿದ ಮೇಲೆ, ಬಾಗಿಲು ಮತ್ತು ಗೀಸರಿನ 16,500 ಬಂತು. ಸೋರಿಕೆಯ ಸುದ್ದಿಯೇ ತಮಗೆ ತಲುಪಿರಲಿಲ್ಲ ಅಂದರು. ನಂಬಿದೆವು, ಬೇರೆ ದಾರಿ ಇರಲಿಲ್ಲ. ಕ್ಲೀನಿಂಗ್, ನಲ್ಲಿ ದುಡ್ಡು ಹೋಯಿತು, ನಾವು ಬಿಟ್ಟುಬಿಟ್ಟೆವು. ಪೇಂಟಿಂಗಿನ 22,000ಕ್ಕೆ ಬಾಯಿ ತೆರೆಯುವ ಹಾಗೇ ಇರಲಿಲ್ಲ, ನಾವೇ ಸೈನ್ ಹಾಕಿದ್ದೆವು. ದಾವಣಗೆರೆಯ ಸೊಸೈಟಿಗೆ ನಾಲ್ಕು ತಿಂಗಳ ಹೆಚ್ಚಿನ ಬಡ್ಡಿ ಹೋದದ್ದು ಯಾವ ಲೆಕ್ಕದಲ್ಲೂ ಇಲ್ಲ.

ನಮಗಿಂತ ಕಷ್ಟದಲ್ಲಿ ಸಿಕ್ಕಿಕೊಂಡವರು ಸೀನಿಯರ್ ಬಿಟ್ಟುಹೋದ ಮನೆಗೆ ಹೋಗುವವರು. ಇದು ನಮ್ಮ ಕ್ಯಾಂಪಸ್ಸಿನಲ್ಲಿ ಬಹಳ ನಡೆಯುತ್ತದೆ. ಸೀನಿಯರಿಗೆ ಅವರ ಪಾಲಿನ ಅಡ್ವಾನ್ಸ್ ಕೊಟ್ಟು ಅವರ ಮಂಚದ ಮೇಲೆ ಮಲಗುತ್ತೇವೆ. ಅಗ್ರಿಮೆಂಟು ಈಗ ಹೈದರಾಬಾದಿನಲ್ಲಿ ಕೆಲಸ ಮಾಡುವ ಅಣ್ಣನ ಹೆಸರಲ್ಲೇ ಇರುತ್ತದೆ, ಅವಧಿ ಮುಗಿದು ಎರಡು ವರ್ಷವಾಗಿರುತ್ತದೆ. ಕೊನೆಯ ಬ್ಯಾಚು ಖಾಲಿ ಮಾಡುವಾಗ ಮೂರು ಬ್ಯಾಚು ಹೊಡೆದ ಮೊಳೆ, ಅಂಟಿಸಿದ ಧೋನಿ ಪೋಸ್ಟರು, ಒಡೆದ ಕಮೋಡ್ ಎಲ್ಲದರ ಲೆಕ್ಕ ಅವರ ತಲೆಗೆ. ದುಡ್ಡು ಕೊಟ್ಟದ್ದು ಅಣ್ಣನಿಗೆ, ಕೇಳಬೇಕಾದದ್ದು ಓನರಿಗೆ, ಓನರ್ ಕೇಳುತ್ತಾರೆ: "ನೀವ್ಯಾರಪ್ಪ?" ಒಬ್ಬರು ಬಿಟ್ಟು ಒಬ್ಬರು ಬಂದಾಗಲೇ ಹೊಸ ಅಗ್ರಿಮೆಂಟು ಮಾಡಿಸಿ, ಅಡ್ವಾನ್ಸ್ ಈಗ ಯಾರ ಹೆಸರಲ್ಲಿ ಎಷ್ಟಿದೆ ಅಂತ ಅದರಲ್ಲಿ ಬರೆಸಿ. ಸ್ಟ್ಯಾಂಪ್ ಪೇಪರ್ ಖರ್ಚು ನಾಲ್ಕು ಜನ ಒಂದು ದಿನ ಸಂಜೆ ತಿನ್ನುವ ಗೋಬಿ ಮಂಚೂರಿಗಿಂತ ಬಹಳ ಹೆಚ್ಚಾಗುವುದಿಲ್ಲ.

ಮನೆ ಹೊಕ್ಕ ದಿನ, ಸಾಮಾನು ಬಿಚ್ಚುವ ಮುಂಚೆ, ಖಾಲಿ ಮನೆಯ ವಿಡಿಯೋ ತೆಗೆಯಿರಿ. ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ, ಗೀಸರಿನ ಸ್ಟಿಕರ್, ಕರೆಂಟ್ ಮೀಟರಿನ ಅಂಕಿ, ಬಾತ್‌ರೂಮ್ ಸೀಲಿಂಗ್ ಎಲ್ಲ ಬರಲಿ. ಅವತ್ತೇ ಮ್ಯಾನೇಜರಿಗೆ ಕಳಿಸಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ, ಆದಷ್ಟು ಓನರ್ ಖಾತೆಗೇ ಹಾಕಿ. ಮ್ಯಾನೇಜರ್ ಖಾತೆಗೆ ಹಾಕಿ ಅಂದರೆ, ಓನರ್ ಅವರಿಗೆ ಆ ಅಧಿಕಾರ ಕೊಟ್ಟ ಪತ್ರ ಕೇಳಿ. ಕೇಳುವುದಕ್ಕೆ ಸಂಕೋಚ ಆಗುತ್ತೆ, ನಮಗೂ ಆಗಿತ್ತು. ಅಗ್ರಿಮೆಂಟಿನಲ್ಲಿ ಎರಡು ಸಾಲು ಸೇರಿಸಿ ಅನ್ನಿ: ಸೋರಿಕೆ, ಪೈಪು, ವೈರಿಂಗ್ ರಿಪೇರಿ ಮಾಲೀಕರದ್ದು, ಖಾಲಿ ಮಾಡಿದ ಇಂತಿಷ್ಟು ದಿನದೊಳಗೆ ಬಿಲ್ ಸಮೇತ ಲೆಕ್ಕ ಕೊಟ್ಟು ಬಾಕಿ ಅಡ್ವಾನ್ಸ್ ವಾಪಸ್. ಒಪ್ಪದಿದ್ದರೆ ಕಡೇಪಕ್ಷ ಪೇಂಟಿಂಗನ್ನು ಅರ್ಧ ತಿಂಗಳಿಗೆ ಇಳಿಸಲು ಕೇಳಿ. ಮನೆ ಖಾಲಿ ಬಿದ್ದಿದ್ದರೆ ಕೆಲವರು ಒಪ್ಪುತ್ತಾರೆ.

ಅಷ್ಟು ಮಾಡಿಯೂ ದುಡ್ಡು ಬರದಿದ್ದರೆ ವಕೀಲರ ನೋಟಿಸ್ ಕೊಡಿಸಿ. ಇಂಥ ಹಣ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇದೆ, ಹಾಗಾಗಿ ಡಿಗ್ರಿ ಮುಗಿದು ಊರಿಗೆ ಹೋದ ಕೂಡಲೇ ಹಕ್ಕು ಹೋಗುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಸಮುದಾಯದವರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ಅಲ್ಲಿ ಹೋಗಿ ಕೇಳಲು ಕೇಸ್ ಹಾಕಿರಬೇಕು ಅಂತಿಲ್ಲ.

ನಮ್ಮ ಹಳೆಯ ಮನೆಗೆ ಆಗಸ್ಟಿನಲ್ಲಿ ಎರಡನೇ ವರ್ಷದ ನಾಲ್ಕು ಹುಡುಗರು ಬಂದರು. ಹೊಸ ಬಾಗಿಲು, ಹೊಸ ಗೀಸರ್, ಸೀಲಿಂಗಿಗೆ ಹೊಸ ಬಿಳಿ ಬಣ್ಣ. ಮೇಲಿನ ಮನೆಯ ಟೈಲ್ಸ್ ತೆಗೆಸಿದ್ದಾರಾ ಅಂತ ವಾಚ್‌ಮನ್‌ನ ಕೇಳಿದೆವು. ಇಲ್ಲವಂತೆ. ನಮ್ಮ ಹತ್ತಿರ ಇದ್ದ ಫೋಟೋಗಳನ್ನೆಲ್ಲ ಆ ಹುಡುಗರಿಗೆ ಕಳಿಸಿದ್ದೇವೆ.