ಬೆಣ್ಣೆಹಣ್ಣು: ತುಪ್ಪದ ಜಾಗದಲ್ಲಿ ಒಂದು ಹಣ್ಣು

ಹಣ್ಣಿನ ಅಂಗಡಿಯಲ್ಲಿ ಸೇಬು, ಕಿವಿಗಳ ಪಕ್ಕದಲ್ಲಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಬಿಳಿ ಜಾಲರಿ ತೊಡಿಸಿ ಕೂರಿಸಿದ ಕಡುಹಸಿರು ಕಾಯಿಯನ್ನು ತಾವೆಲ್ಲ ನೋಡಿರುತ್ತೀರಿ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕೆಲವು ಕಡೆ ಒಂದೇ ಹಣ್ಣಿಗೆ ನೂರು ರೂಪಾಯಿಗೂ ಮಿಕ್ಕಿ! 'ಆವಕಾಡೊ, ಫಾರಿನ್ ಮಾಲ್' ಎಂದು ಅಂಗಡಿಯವನು ಗತ್ತಿನಿಂದ ಹೇಳುತ್ತಾನೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಇದು ನಮ್ಮ ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಮರದ ಬುಡದಲ್ಲಿ ಬಿದ್ದಿರುತ್ತಿದ್ದ ಬೆಣ್ಣೆಹಣ್ಣೇ ಅಲ್ಲವೇ? ಬೆಂಗಳೂರಿನ ಜ್ಯೂಸ್ ಅಂಗಡಿಗಳವರಿಗೆ ಇದು 'ಬಟರ್ ಫ್ರೂಟ್'. ತಮಿಳರಿಗೆ 'ವೆಣ್ಣೈಪ್ಪಳಂ', ಹಿಂದಿಯವರಿಗೆ 'ಮಾಖನ್‌ಫಲ್'. ಎಲ್ಲರಿಗೂ ಅದನ್ನು ಬಾಯಿಗೆ ಹಾಕಿಕೊಂಡಾಗ ಹೊಳೆದದ್ದು ಬೆಣ್ಣೆಯೇ.

ಹಾಗೆಂದು ಹಣ್ಣಿನ ತವರು ನಮ್ಮ ನಾಡೇನೂ ಅಲ್ಲ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಜನ ಸಾವಿರಾರು ವರ್ಷಗಳಿಂದ ಇದನ್ನು ತಿನ್ನುತ್ತ ಬಂದಿದ್ದಾರೆ. ಅಲ್ಲಿನ ನಾವಾಟಲ್ ಭಾಷೆಯ 'ಆವಾಕಾಟ್ಲ್' ಎಂಬ ಶಬ್ದ ಸ್ಪೇನಿನವರ ಬಾಯಲ್ಲಿ, ಆಮೇಲೆ ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡು ಆವಕಾಡೊ ಆಯಿತು. ನಮ್ಮ ದಾಲ್ಚಿನ್ನಿ ಮರದ ಕುಟುಂಬಕ್ಕೇ ಸೇರಿದ ಮರ ಇದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿಂಹಳದ ಮಾರ್ಗವಾಗಿ ದಕ್ಷಿಣ ಭಾರತಕ್ಕೆ ಬಂದು, ನೀಲಗಿರಿ, ಪಳನಿ ಬೆಟ್ಟಗಳಲ್ಲಿ, ವಯನಾಡು, ಕೊಡಗುಗಳಲ್ಲಿ ಬೇರೂರಿತು. ಕಾಫಿಗೆ ನೆರಳೂ ಆಯಿತು, ಹಣ್ಣೂ ಸಿಕ್ಕಿತು. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು 'ಅರ್ಕಾ ಸುಪ್ರೀಂ', 'ಅರ್ಕಾ ಕೂರ್ಗ್ ರವಿ' ಎಂಬ ಎರಡು ತಳಿಗಳನ್ನೂ ಬಿಡುಗಡೆ ಮಾಡಿದೆ.

ಚೀಟಿ ಅಂಟಿಸಿಕೊಂಡು ತಾಂಜಾನಿಯಾ, ಕೀನ್ಯಾ, ಪೆರುಗಳಿಂದ ಬರುವುದು ಹೆಚ್ಚಾಗಿ 'ಹ್ಯಾಸ್' ತಳಿ. ರುಡಾಲ್ಫ್ ಹ್ಯಾಸ್ ಎಂಬ ಕ್ಯಾಲಿಫೋರ್ನಿಯಾದ ಅಂಚೆ ಪೇದೆಯ ಹಿತ್ತಲಲ್ಲಿ ಹುಟ್ಟಿದ ಒಂದೇ ಒಂದು ಮರದ ಸಂತಾನ ಅದು. 1935ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದರು. ಆ ಮೂಲ ಮರ 2002ರವರೆಗೂ ಬದುಕಿತ್ತು. ಸಿಪ್ಪೆ ದಪ್ಪ, ತರಿತರಿ. ಹಣ್ಣಾದಾಗ ಕಪ್ಪಗಾಗುತ್ತದೆ. ನಮ್ಮ ಕಡೆಯ ಹಣ್ಣು ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದು, ಸಿಪ್ಪೆ ನುಣುಪು, ತಿರುಳಿನಲ್ಲಿ ನೀರಿನಂಶ ಸ್ವಲ್ಪ ಹೆಚ್ಚು, ಕೊಬ್ಬು ಸ್ವಲ್ಪ ಕಡಿಮೆ. ಆರೋಗ್ಯದ ದೃಷ್ಟಿಯಿಂದ ನಮ್ಮದಕ್ಕಿಂತ ಚೀಟಿ ಹಣ್ಣು ಮೇಲೆಂದು ಭಾವಿಸಿ ಎರಡರಷ್ಟು ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕೊಬ್ಬೆಂದರೆ ಹೆದರಬೇಕೆ?

'ಹಣ್ಣಿನಲ್ಲಿ ಕೊಬ್ಬೇ? ಹಾಗಾದರೆ ನಮಗೆ ಬೇಡಪ್ಪ, ನಮ್ಮವರಿಗೆ ಈಗಾಗಲೇ ಕೊಲೆಸ್ಟರಾಲ್' ಎನ್ನುವ ಗೃಹಿಣಿಯರು ಬಹಳ ಮಂದಿ. ಈ ಭಯವನ್ನು ಮೊದಲು ಬಿಡಿಸೋಣ. ಕೊಲೆಸ್ಟರಾಲ್ ಎಂಬುದು ಪ್ರಾಣಿಜನ್ಯ ಆಹಾರದಲ್ಲಿ ಇರುವಂಥದು. ಬೆಣ್ಣೆಹಣ್ಣಿನಲ್ಲಿ ಅದು ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 14 ಗ್ರಾಂ ಕೊಬ್ಬಿದೆ. 100 ಗ್ರಾಂ ಬೆಣ್ಣೆಹಣ್ಣಿನ ತಿರುಳಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, 14ರಿಂದ 15 ಗ್ರಾಂ. ಆದರೆ ತುಪ್ಪದ 14 ಗ್ರಾಮಿನಲ್ಲಿ 8 ಗ್ರಾಮಿಗೂ ಹೆಚ್ಚು ಪರ್ಯಾಪ್ತ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಜಾತಿಯದು. ಬೆಣ್ಣೆಹಣ್ಣಿನಲ್ಲಿ ಅದು ಕೇವಲ 2 ಗ್ರಾಂ. ಉಳಿದುದರಲ್ಲಿ ಸುಮಾರು 10 ಗ್ರಾಂ, ಆಲಿವ್ ಎಣ್ಣೆಯಲ್ಲಿರುವಂಥ ಏಕ ಅಪರ್ಯಾಪ್ತ ಕೊಬ್ಬು. ಇದರ ಜೊತೆಗೆ ತುಪ್ಪ ಎಂದೂ ಕೊಡಲಾರದ ನಾರಿನಂಶ 6ರಿಂದ 7 ಗ್ರಾಂ, ಪೊಟ್ಯಾಸಿಯಂ 485 ಮಿಲಿಗ್ರಾಂ (ಬಾಳೆಹಣ್ಣಿನಲ್ಲಿ ಇರುವುದು ಸುಮಾರು 360), ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ 81 ಮೈಕ್ರೋಗ್ರಾಂ, ಇ ಮತ್ತು ಕೆ ಜೀವಸತ್ವಗಳು. ಒಟ್ಟು ಶಕ್ತಿ 160 ಕ್ಯಾಲೊರಿ.

ಈ ಅಂಕಿಗಳು ಕಾಗದದ ಮೇಲಿನವು; ತಿಂದವರ ಗತಿ ಏನಾಯಿತು? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಒಂದು ಲಕ್ಷಕ್ಕೂ ಹೆಚ್ಚು ಸ್ತ್ರೀಪುರುಷರ ಆಹಾರ ಮತ್ತು ಆರೋಗ್ಯವನ್ನು 30 ವರ್ಷಗಳ ಕಾಲ ಗಮನಿಸಿ, 2022ರಲ್ಲಿ ವರದಿ ಪ್ರಕಟಿಸಿದರು. ವಾರಕ್ಕೆ ಎರಡು ಸಲವಾದರೂ ಬೆಣ್ಣೆಹಣ್ಣು ತಿನ್ನುತ್ತಿದ್ದವರಲ್ಲಿ, ತಿನ್ನದೇ ಇದ್ದವರಿಗಿಂತ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಕಾಯಿಲೆ ಶೇಕಡಾ 21ರಷ್ಟು ಕಡಿಮೆ ಕಂಡುಬಂತು. ಪಾರ್ಶ್ವವಾಯುವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಣ್ಣೆಹಣ್ಣು ತಿನ್ನುವವರು ವ್ಯಾಯಾಮವನ್ನೂ ಮಾಡುವವರು, ಸೊಪ್ಪು ತರಕಾರಿಯನ್ನೂ ತಿನ್ನುವವರು ಆಗಿರಬಹುದಲ್ಲ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಅವರು ಅದನ್ನೆಲ್ಲ ಲೆಕ್ಕದಿಂದ ಕಳೆದು ನೋಡಿದ್ದಾರೆ. ಆದರೂ ಇಂಥ ಅಧ್ಯಯನಗಳಲ್ಲಿ ಕೊನೆಯ ಮಾತು ಎಂಬುದು ಇರುವುದಿಲ್ಲ.

ನನಗೆ ಮುಖ್ಯವೆನಿಸಿದ್ದು ಅದೇ ವರದಿಯ ಇನ್ನೊಂದು ಭಾಗ. ಬೆಣ್ಣೆ, ಚೀಸ್, ಸಂಸ್ಕರಿಸಿದ ಮಾಂಸ ಇವುಗಳ ಬದಲಿಗೆ ಬೆಣ್ಣೆಹಣ್ಣು ತಿಂದರೆ ಲಾಭ ಕಂಡಿತು. ಆದರೆ ಆಲಿವ್ ಎಣ್ಣೆ, ಇತರ ಸಸ್ಯಜನ್ಯ ಎಣ್ಣೆ, ಬಾದಾಮಿಯಂಥ ಕಾಯಿಬೀಜಗಳ ಬದಲಿಗೆ ತಿಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದರ ಅರ್ಥ ಏನು? ನಿಮ್ಮ ಮನೆಯಲ್ಲಿ ಕೆನೆ, ಬೆಣ್ಣೆ, ತುಪ್ಪ ಧಾರಾಳವಾಗಿ ನಡೆಯುತ್ತಿದ್ದರೆ ಅದರ ಒಂದು ಪಾಲನ್ನು ಬೆಣ್ಣೆಹಣ್ಣಿಗೆ ಬಿಟ್ಟುಕೊಡಿ. ಊಟದಲ್ಲಿ ತುಪ್ಪವೂ ಇರಲಿ, ಅದರ ಮೇಲೆ ಇದೂ ಇರಲಿ ಎಂದರೆ ಸೊಂಟದ ಸುತ್ತಳತೆ ಬೆಳೆದೀತು, ಅಷ್ಟೇ. ಇನ್ನು ಹಣ್ಣು ಕೊಳ್ಳಲು ದುಡ್ಡಿನ ಅಡಚಣೆ ಇರುವವರು ಕೊರಗಬೇಕಾಗಿಲ್ಲ. ಒಂದು ಹಿಡಿ ಶೇಂಗಾ ಬೀಜವೂ ಒಳ್ಳೆಯ ಕೊಬ್ಬು, ನಾರು, ಫೋಲೇಟುಗಳನ್ನು ಕೊಡುತ್ತದೆ, ಸಸಾರಜನಕವನ್ನಂತೂ ಇದಕ್ಕಿಂತ ಹೆಚ್ಚೇ ಕೊಡುತ್ತದೆ.

'ಇದನ್ನು ತಿಂದರೆ ಹೊಟ್ಟೆಯ ಬೊಜ್ಜು ಕರಗುತ್ತದೆ' ಎಂಬ ಮಾತನ್ನೂ ಕೇಳಿರುತ್ತೀರಿ. ಸೊಂಟದಲ್ಲಿ ಬೊಜ್ಜಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ದಿನಕ್ಕೊಂದು ಹಣ್ಣು ಕೊಟ್ಟು ನೋಡಿದರು. ಇದರ ಫಲಿತಾಂಶವೂ 2022ರಲ್ಲೇ ಪ್ರಕಟವಾಯಿತು. ಬೊಜ್ಜು ಕರಗಲಿಲ್ಲ. ತೂಕ ಹೆಚ್ಚಲೂ ಇಲ್ಲ. ಕೆಟ್ಟ ಕೊಲೆಸ್ಟರಾಲ್ ತುಸು ಇಳಿಯಿತು. ಈ ಪ್ರಯೋಗಕ್ಕೆ ಹಣ ಕೊಟ್ಟಿದ್ದು ಅಲ್ಲಿನ ಬೆಣ್ಣೆಹಣ್ಣಿನ ವ್ಯಾಪಾರಿಗಳ ಮಂಡಳಿಯೇ ಎಂಬುದನ್ನು ನೆನೆದರೆ, ಬೊಜ್ಜು ಕರಗಲಿಲ್ಲವೆಂಬ ಮಾತನ್ನು ನಾವು ಧೈರ್ಯವಾಗಿ ನಂಬಬಹುದು!

ಸಕ್ಕರೆ ಕಾಯಿಲೆಯವರ ಹಣ್ಣು, ಆದರೆ...

ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಮಾವು, ಹಲಸು, ಸಪೋಟಗಳನ್ನು ದೂರದಿಂದ ನೋಡಿ ನಿಟ್ಟುಸಿರು ಬಿಡುವುದುಂಟು. ಅವರಿಗೆ ಬೆಣ್ಣೆಹಣ್ಣು ಒಂದು ವರವೇ ಸರಿ. 100 ಗ್ರಾಂ ತಿರುಳಿನಲ್ಲಿ ಸಕ್ಕರೆ ಒಂದು ಗ್ರಾಂ ಕೂಡ ಇಲ್ಲ. ನಾರು ಹೇರಳವಾಗಿರುವುದರಿಂದ ಹೊಟ್ಟೆ ತುಂಬಿದ ಭಾವನೆ ಬಹಳ ಹೊತ್ತು ಇರುತ್ತದೆ. ಹಲ್ಲಿಲ್ಲದ ಅಜ್ಜಿಗೂ, ಆರು ತಿಂಗಳು ತುಂಬಿ ಅನ್ನ ಮುಟ್ಟಿದ ಮಗುವಿಗೂ ಕಿವುಚಿ ತಿನ್ನಿಸಬಹುದು. ಗರ್ಭಿಣಿಯರಿಗೆ ಫೋಲೇಟ್ ಅಗತ್ಯ. ಹಣ್ಣು ತಿನ್ನಲಿ, ಆದರೆ ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬಾರದು.

ಹಾಗಾದರೆ ಜ್ಯೂಸ್ ಅಂಗಡಿಗೆ ಹೋಗಿ ಒಂದು ಬಟರ್ ಫ್ರೂಟ್ ಮಿಲ್ಕ್‌ಶೇಕ್ ಕುಡಿದು ಬರೋಣವೇ? ಸ್ವಲ್ಪ ತಾಳಿ. ಅರ್ಧ ಹಣ್ಣು, ಒಂದು ಲೋಟ ಗಟ್ಟಿ ಹಾಲು, ನಾಲ್ಕು ಚಮಚ ಸಕ್ಕರೆ, ಮೇಲೊಂದು ಗುಂಡು ಐಸ್‌ಕ್ರೀಂ ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 500 ಕ್ಯಾಲೊರಿ, ಒಂದು ಹೊತ್ತಿನ ಊಟದಷ್ಟು! ಮಧುಮೇಹಿಗಳಿಗೆ ಹಣ್ಣು ಕೊಟ್ಟ ವರವನ್ನು ಲೋಟ ಕಿತ್ತುಕೊಂಡಂತಾಯಿತು.

ಇನ್ನೂ ಗಂಭೀರವಾದ ಮಾತೊಂದಿದೆ. ಬಹಳ ವರ್ಷಗಳ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಕೆಲವರ ಮೂತ್ರಪಿಂಡ ದುರ್ಬಲವಾಗಿರುತ್ತದೆ. ಅಂಥವರ ದೇಹ ಹೆಚ್ಚಿನ ಪೊಟ್ಯಾಸಿಯಂ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಎಲ್ಲರಿಗೂ ಒಳ್ಳೆಯದಾದ ಆ 485 ಮಿಲಿಗ್ರಾಂ ಇವರಿಗೆ ವೈರಿ. ಡಾಕ್ಟರು ಎಳನೀರು, ಬಾಳೆಹಣ್ಣು ಬೇಡವೆಂದಿದ್ದರೆ ಬೆಣ್ಣೆಹಣ್ಣೂ ಬೇಡವೆಂದೇ ತಿಳಿಯಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ ಜೀವಸತ್ವದ ಕಾರಣದಿಂದ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ರಬ್ಬರ್ ಕೈಗವಸು ತೊಟ್ಟರೆ ಮೈ ತುರಿಸುವ ಅಲರ್ಜಿಯುಳ್ಳ ಕೆಲವರಿಗೆ ಈ ಹಣ್ಣೂ ಒಗ್ಗುವುದಿಲ್ಲ.

ಎಷ್ಟು ತಿನ್ನಬೇಕು? ಹಾರ್ವರ್ಡ್‌ನವರ ಲೆಕ್ಕದಲ್ಲಿ ಒಂದು ಸಲಕ್ಕೆ ಅರ್ಧ ಹಣ್ಣು, ಅಂದರೆ 80 ಗ್ರಾಂ. ಅದು ಅವರ ಪುಟ್ಟ ಹ್ಯಾಸ್ ಹಣ್ಣಿನ ಅರ್ಧ. ನಮ್ಮ ಕಡೆಯ ಹಣ್ಣು ಕಾಲು ಕಿಲೋದಿಂದ ಅರ್ಧ ಕಿಲೋವರೆಗೂ ತೂಗುತ್ತದೆ. ಆದ್ದರಿಂದ ದೊಡ್ಡ ಹಣ್ಣಾದರೆ ಕಾಲು ಭಾಗವೇ ಸಾಕು. ನಾಲ್ಕು ಜನರ ಮನೆಗೆ ಒಂದು ಹಣ್ಣು. ಹೀಗೆ ಹಂಚಿದಾಗ ಬೆಲೆಯೂ ಅಷ್ಟೊಂದು ದುಬಾರಿ ಎನಿಸುವುದಿಲ್ಲ.

ಹಣ್ಣು ಮಾಡುವ ಬಗೆ

ಈ ಹಣ್ಣಿಗೊಂದು ವಿಚಿತ್ರ ಗುಣ ಉಂಟು. ಮರದಲ್ಲಿ ಎಷ್ಟು ದಿನ ಬಿಟ್ಟರೂ ಮೆತ್ತಗಾಗದು. ಕಿತ್ತ ಮೇಲೆಯೇ ಹಣ್ಣಾಗತೊಡಗುವುದು, ಅದಕ್ಕೂ ವಾರ ಹತ್ತು ದಿನ ಬೇಕು. ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದೊಂದು ದೊಡ್ಡ ಅನುಕೂಲ. ಮಳೆಗಾಲದಲ್ಲಿ ಊರಿಗೆ ಹೋದವರು ಕಲ್ಲಿನಂತಿರುವ ಕಾಯಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡು ಬಂದರೆ, ರೈಲಿನ ನೂಕುನುಗ್ಗಲಿನಲ್ಲೂ ಏನೂ ಆಗುವುದಿಲ್ಲ. ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹೂತಿಡಿ, ಇಲ್ಲವೇ ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಬೇಗ ಹಣ್ಣು ಮಾಡುತ್ತದೆ. ಕಾಯಿಯನ್ನು ಮಾತ್ರ ಫ್ರಿಜ್ಜಿಗೆ ಸೇರಿಸಬೇಡಿ, ಸರಿಯಾಗಿ ಹಣ್ಣಾಗದೆ ರಬ್ಬರಿನಂತಾದೀತು. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತಗ್ಗಿದರೆ ಹಣ್ಣಾಯಿತೆಂದು ಅರ್ಥ. ನಮ್ಮ ಕಡೆಯ ಎಷ್ಟೋ ಹಣ್ಣುಗಳಲ್ಲಿ ಅಲುಗಿಸಿದರೆ ಒಳಗಿನ ಬೀಜ ಗುಡುಗುಡು ಎನ್ನುತ್ತದೆ. ಹಣ್ಣಾದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಹೆಚ್ಚಿದ ಹಣ್ಣು ಗಾಳಿ ತಾಗಿದರೆ ಕಪ್ಪಾಗುತ್ತದೆ; ನಿಂಬೆರಸ ಸವರಿ ಮುಚ್ಚಿಡಬೇಕು.

ಅಡುಗೆಮನೆಯಲ್ಲಿ

ಮೊದಲ ನಿಯಮ, ಒಲೆಯ ಮೇಲೆ ಕುದಿಸಬೇಡಿ. ಹೆಚ್ಚು ಬಿಸಿಯಾದರೆ ಕಹಿಯಾಗುತ್ತದೆ.

ಮೆಕ್ಸಿಕೋದವರು ಇದನ್ನು ಕಲ್ಲಿನ ಒರಳಿನಲ್ಲಿ ಹಸಿಮೆಣಸು, ಈರುಳ್ಳಿ, ಕೊತ್ತಂಬರಿ ಸೊಪ್ಪಿನ ಜೊತೆ ಅರೆದು 'ಗ್ವಾಕಮೋಲೆ' ಮಾಡುತ್ತಾರೆ. ಕೇಳಿದರೆ ನಮ್ಮ ಚಟ್ನಿಯ ಸೋದರನಂತೆ ಕಾಣುವುದಿಲ್ಲವೇ? ಹಾಗೆಯೇ ಮಾಡಿ. ಒಂದು ಹಣ್ಣಿನ ತಿರುಳು, ಎರಡು ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಚೂರು ಶುಂಠಿ, ಉಪ್ಪು, ಅರ್ಧ ಹೋಳು ನಿಂಬೆಯ ರಸ. ಇಷ್ಟನ್ನು ತರಿತರಿಯಾಗಿ ಅರೆದು, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ಆರಿಸಿ ಹಾಕಿ. ತೆಂಗಿನಕಾಯಿಯ ಕೆಲಸವನ್ನು ಹಣ್ಣೇ ಮಾಡುವುದರಿಂದ ಕಾಯಿ ಬೇಡ. ದೋಸೆಗೂ ಆಯಿತು, ಜೋಳದ ರೊಟ್ಟಿಗೂ ಆಯಿತು. ಮಕ್ಕಳ ಡಬ್ಬಿಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಬದಲು ಇದನ್ನೇ ಸವರಬಹುದು.

ಮಲೆನಾಡಿನವರಿಗೆ ತಂಬುಳಿ ಬೇಕಲ್ಲ! ಹುರಿದ ಜೀರಿಗೆ, ನಾಲ್ಕು ಕಾಳು ಮೆಣಸು, ಕಾಲು ಹಣ್ಣು ಇವನ್ನು ನುಣ್ಣಗೆ ಅರೆದು ಹುಳಿಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಬಿಸಿ ಅನ್ನದ ಮೇಲೆ ತಣ್ಣನೆಯ ತಂಬುಳಿ ಬಿದ್ದರೆ ತುಪ್ಪದ ನೆನಪೇ ಆಗದು.

ಚಪಾತಿ ಹಿಟ್ಟು ಕಲಸುವಾಗ ಎಣ್ಣೆ ಬಿಟ್ಟು ನಾಲ್ಕು ಚಮಚ ಕಿವುಚಿದ ತಿರುಳನ್ನು ಸೇರಿಸಿದರೆ ಚಪಾತಿ ಮಾರನೆಯ ದಿನವೂ ಮೆತ್ತಗಿರುತ್ತದೆ. ಕಾವಲಿಯ ಮೇಲಿರುವುದು ನಿಮಿಷವೇ ಆದ್ದರಿಂದ ಕಹಿಯ ಭಯವಿಲ್ಲ.

ಕ್ಯಾರೆಟ್ ಕೋಸಂಬರಿಗೆ ಸಣ್ಣ ಹೋಳುಗಳನ್ನು ಹಾಕುವುದು ರುಚಿಗೆ ಮಾತ್ರವಲ್ಲ. ಕ್ಯಾರೆಟ್ಟಿನ ಬಣ್ಣದ್ರವ್ಯದಿಂದಲೇ ನಮ್ಮ ದೇಹ ಎ ಜೀವಸತ್ವವನ್ನು ತಯಾರಿಸಿಕೊಳ್ಳುವುದು, ಆ ದ್ರವ್ಯ ಕರಗುವುದು ಕೊಬ್ಬಿನಲ್ಲಿ. 2005ರಲ್ಲಿ ಅಮೆರಿಕದ ಓಹಿಯೋದಲ್ಲಿ ನಡೆದ ಪರೀಕ್ಷೆಯಲ್ಲಿ ಹಸಿ ತರಕಾರಿಗೆ ಬೆಣ್ಣೆಹಣ್ಣು ಸೇರಿಸಿದಾಗ ಇಂಥ ದ್ರವ್ಯಗಳು ಹಲವು ಪಟ್ಟು ಹೆಚ್ಚು ರಕ್ತಕ್ಕೆ ಸೇರಿದ್ದು ಕಂಡುಬಂತು.

ಸಿಹಿಯೇ ಬೇಕೆನ್ನುವವರು ಬಾಳೆಹಣ್ಣಿನ ರಸಾಯನದ ರೀತಿಯಲ್ಲಿ ಮಾಡಿಕೊಳ್ಳಲಿ: ಕಿವುಚಿದ ಹಣ್ಣು, ತೆಳ್ಳನೆಯ ಕಾಯಿಹಾಲು, ಚೂರೇ ಚೂರು ಬೆಲ್ಲ, ಏಲಕ್ಕಿ. ಅವಲಕ್ಕಿಯನ್ನು ನೆನೆಸಿ ಇದಕ್ಕೆ ಕಲಸಿದರೆ ಬೆಳಗಿನ ತಿಂಡಿಯೇ ಮುಗಿಯಿತು. ಸಕ್ಕರೆ ಕಾಯಿಲೆಯವರು ಬೆಲ್ಲದ ಕಡೆ ನೋಡದೆ, ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ ಹಾಕಿ ಚಮಚದಿಂದ ಹಾಗೆಯೇ ತಿನ್ನುವುದು ಮೇಲು.

ಬೀಜವನ್ನು ಒಣಗಿಸಿ ಪುಡಿಮಾಡಿ ತಿನ್ನಿ ಎಂಬ ಸಲಹೆಗಳು ಈಚೆಗೆ ಓಡಾಡುತ್ತಿವೆ; ಅದು ಆಹಾರವಾಗಿ ಸುರಕ್ಷಿತವೆಂದು ತೋರಿಸಿದ ಪರೀಕ್ಷೆಗಳು ಸಾಲವು, ಗೋಜಿಗೆ ಹೋಗಬೇಡಿ. ಬೇಕಾದರೆ ಬಾಲ್ಕನಿಯ ಕುಂಡದಲ್ಲಿ ನೆಟ್ಟು ಮಕ್ಕಳಿಗೆ ಮೊಳಕೆ ತೋರಿಸಿ. ಬೀಜದಿಂದ ಬಂದ ಗಿಡ ಫಲ ಕೊಡಲು ಅನೇಕ ವರ್ಷ ಹಿಡಿಯುತ್ತದೆ, ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯೂ ಇಲ್ಲ. ಮನೆಯಲ್ಲಿ ಲವ್ ಬರ್ಡ್ಸ್ ಸಾಕಿದ್ದರೆ ಹಣ್ಣನ್ನಾಗಲೀ ಸಿಪ್ಪೆಯನ್ನಾಗಲೀ ಪಂಜರದ ಹತ್ತಿರ ಬಿಡಬೇಡಿ. ಇದರಲ್ಲಿರುವ 'ಪರ್ಸಿನ್' ಎಂಬ ಅಂಶ ನಮಗೇನೂ ಮಾಡದಿದ್ದರೂ ಹಕ್ಕಿಗಳ ಪ್ರಾಣಕ್ಕೆ ಕುತ್ತು.