ಹೊಸ ಮೀನೆಂದರೆ ಏನು?

ಪ್ರಾಣಿಶಾಸ್ತ್ರಜ್ಞರು ಹೊಸ ಮೀನೊಂದನ್ನು ಕಂಡುಹಿಡಿದರೆಂಬ ವಾರ್ತೆಯನ್ನು ನಾವು ಆಗಾಗ ಓದುತ್ತೇವೆ. ಆ ಮೀನೇನೂ ನಿನ್ನೆ ಹುಟ್ಟಿದುದಲ್ಲ. ಬಲೆ ಬೀಸುವ ಬೆಸ್ತರಿಗೆ ಅದು ತಲೆಮಾರುಗಳಿಂದ ಪರಿಚಿತವಾಗಿರಬಹುದು. ಹಾಗಾದರೆ ‘ಹೊಸದು’ ಎಂಬ ಮಾತಿಗೆ ಅರ್ಥವೇನು?

ಇದಕ್ಕೆ ಒಳ್ಳೆಯ ಹೋಲಿಕೆಯೊಂದು ರಾಯಚೂರು ಸೀಮೆಯ ಮಸ್ಕಿಯಲ್ಲಿ ಉಂಟು. ‘ದೇವಾನಾಂಪ್ರಿಯ’ನ ಶಾಸನಗಳು ದೇಶದ ಹಲವೆಡೆ ದೊರೆತಿದ್ದವು, ಆತನೇ ಅಶೋಕನೆಂದು ವಿದ್ವಾಂಸರು ಊಹಿಸಿಯೂ ಇದ್ದರು. ಅಶೋಕನೆಂಬ ಹೆಸರನ್ನೇ ಹೊತ್ತ ಬಂಡೆ 1915ರಲ್ಲಿ ಮಸ್ಕಿಯಲ್ಲಿ ದೊರೆತು ಆ ಊಹೆಯನ್ನು ದೃಢಪಡಿಸಿತು. ಸಂದೇಹವುಳ್ಳವರು ಹೋಗಿ ನೋಡಬಹುದಾದ ಇಂಥ ಆಧಾರವೇ ಮೀನಿನ ಹೆಸರಿಗೂ ಬೇಕು.

ಆ ಆಧಾರವನ್ನು ಒದಗಿಸುವ ಕ್ರಮ ಹೀಗಿದೆ. ಮೀನನ್ನು ಕೆಡದಂತೆ ಇರಿಸಿ, ಪಕ್ಕೆಯ ಗೆರೆಯುದ್ದಕ್ಕೂ ಇರುವ ಹುರುಪೆಗಳನ್ನೂ ಈಜುರೆಕ್ಕೆಗಳ ಕಡ್ಡಿಗಳನ್ನೂ ಎಣಿಸುತ್ತಾರೆ. ತಲೆ, ಕಣ್ಣು, ಒಡಲುಗಳನ್ನು ಅಳೆಯುತ್ತಾರೆ. ಹತ್ತಿರದ ಪ್ರಭೇದಗಳೊಡನೆ ಹೋಲಿಸುತ್ತಾರೆ. ಈಚೆಗೆ ಡಿ.ಎನ್.ಎ. ಪರೀಕ್ಷೆಯೂ ಇದರೊಡನೆ ಸೇರಿದೆ. ಭೇದವು ನಿಶ್ಚಯವಾದರೆ, ಸಾಮಾನ್ಯವಾಗಿ ಒಂದು ಮೀನನ್ನು ಮೂಲಮಾದರಿಯೆಂದು ಗೊತ್ತುಮಾಡಿ, ಸಂಗ್ರಹಾಲಯದಲ್ಲಿರಿಸಿ, ಎರಡು ಪದಗಳ ಹೆಸರಿನೊಡನೆ ಅದರ ವರ್ಣನೆಯನ್ನು ಪ್ರಕಟಿಸುತ್ತಾರೆ.

ನಮ್ಮ ನದಿಗಳಲ್ಲಿ ಈ ಕಾರ್ಯ ಹಳೆಯದು. ಸೇನಾಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ ದಖ್ಖನ್ನಿನ ಮೀನುಗಳ ವರ್ಣನೆಯನ್ನು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ‘ರೋಹ್ಟೀ ಓಗಿಲ್ಬಿಯೈ’. ಮೊದಲ ಪದ ದೇಶಭಾಷೆಯದು. ಎರಡನೆಯದು ಪ್ರಾಣಿಶಾಸ್ತ್ರಜ್ಞ ಓಗಿಲ್ಬಿಯವರ ಗೌರವಾರ್ಥವಾದುದು. ಲಿಂಗಸುಗೂರಿನ ಬಡಗಣ ಅಂಚಿನಲ್ಲಿ ಹರಿಯುವ ಕೃಷ್ಣೆ, ಅದರಾಚೆಯ ಗೋದಾವರಿ ಮೊದಲಾದ ದಕ್ಷಿಣದ ನದಿಗಳನ್ನು ಬಿಟ್ಟರೆ ಈ ಮೀನಿಗೆ ಲೋಕದಲ್ಲಿ ಬೇರೆ ನೆಲೆಯಿಲ್ಲ.

ಇಷ್ಟು ಶ್ರಮದಿಂದ ಫಲವೇನೆಂದು ಕೇಳುವವರುಂಟು. ಇಂದಿನ ಜಿಂಬಾಬ್ವೆಯ ಮಳೆಹೊಂಡಗಳಲ್ಲಿ 1968ರಲ್ಲಿ ದೊರೆತ ಬೆರಳುದ್ದದ ಮೀನೊಂದನ್ನು ಜಬ್ ಎಂಬವರು 1971ರಲ್ಲಿ ‘ನೋಥೋಬ್ರಾಂಕಿಯಸ್ ಫರ್ಜರಿ’ ಎಂದು ವರ್ಣಿಸಿದರು. ಹೊಂಡ ಬತ್ತಿದರೆ ಮೀನುಗಳು ಸಾಯುತ್ತವೆ. ತತ್ತಿಗಳು ಮಾತ್ರ ಒಣಗಿದ ಕೆಸರಿನಲ್ಲಿ ಮುಂದಿನ ಮಳೆಗಾಗಿ ಕಾದಿರುತ್ತವೆ. ಕೆಲವೇ ತಿಂಗಳ ಆಯುಸ್ಸಿನ ಈ ಜೀವಿಯನ್ನು ಇಂದು ಮುಪ್ಪಿನ ಕಾರಣಗಳನ್ನು ಅರಸುವ ವಿಜ್ಞಾನಿಗಳು ಪ್ರಯೋಗಶಾಲೆಗಳಲ್ಲಿ ಸಾಕುತ್ತಿದ್ದಾರೆ. ವರ್ಣಿಸಿದಾಗ ಈ ಉಪಯೋಗವನ್ನು ಯಾರು ಬಲ್ಲವರಾಗಿದ್ದರು?

ನಮ್ಮ ಸೀಮೆಯಲ್ಲಿ ಕಾಲವು ಕಾಯುವುದಿಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆ ಸಿಂಧನೂರಿನ ಒಣಭೂಮಿಯನ್ನು ಬತ್ತದ ಗದ್ದೆಯಾಗಿಸಿತು; ಅದರೊಡನೆ ನೀರಿನ ನಡೆಯೂ ಬದಲಾಯಿತು. ಆಫ್ರಿಕೆಯ ಟಿಲೇಪಿಯ ಮೀನು 1952ರಲ್ಲಿ ಭಾರತಕ್ಕೆ ಬಂದು, ದಕ್ಷಿಣದ ಅನೇಕ ಕೆರೆಗಳಲ್ಲಿ ನಾಡಿನ ಮೀನುಗಳಿಗೆ ಎದುರಾಳಿಯಾಗಿ ಬೆಳೆದಿದೆ. ಹೆಸರಿಲ್ಲದ ಮೀನು ನಾಶವಾದರೆ, ನಾಶವಾಯಿತೆಂದು ಹೇಳುವುದಕ್ಕೂ ನಮ್ಮಲ್ಲಿ ಆಧಾರವಿರುವುದಿಲ್ಲ.

ಆದುದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮಸ್ಕಿಯ ಹಳ್ಳದಲ್ಲಾಗಲಿ ಕೃಷ್ಣೆಯ ಮಡುವಿನಲ್ಲಾಗಲಿ ದೊರೆತ ಸಣ್ಣ ಮೀನುಗಳ ಸ್ಥಳವನ್ನೂ ದಿನವನ್ನೂ ಬರೆದಿಡಬೇಕು. ಬೆಸ್ತರು ಅವಕ್ಕೆ ಇಟ್ಟ ಹೆಸರನ್ನು ಕೇಳಿ ಬರೆದುಕೊಳ್ಳುವುದು ಈ ಕಾರ್ಯದ ಮೊದಲ ಮೆಟ್ಟಿಲು.