ಬಾಸಿಲ್, ಬೇಸಿಲ್, ಬಸಿಲಿಕಾ

ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ 2016ರಲ್ಲಿ ಕಿರು ಬಸಿಲಿಕಾ ಆಯಿತು. ಈ ಹೆಸರು ಸಂತ ಬಾಸಿಲರಿಂದ ಬಂದದ್ದೇ ಎಂದು ಕೇಳುವವರಿದ್ದಾರೆ. ಅಲ್ಲ. ಆದರೆ ಎರಡು ಪದಗಳಿಗೂ ಬೇರು ಒಂದೇ.

ಗ್ರೀಕ್ ಭಾಷೆಯಲ್ಲಿ 'ಬಸಿಲೆವುಸ್' ಎಂದರೆ ಅರಸ. ಶಿಲುಬೆಯ ಮೇಲಿನ ಫಲಕ ಮೂರು ಭಾಷೆಗಳಲ್ಲಿತ್ತೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅದರ ಗ್ರೀಕ್ ಸಾಲಿನಲ್ಲಿ 'ಯೆಹೂದ್ಯರ ಅರಸ' ಎನ್ನಲು ಬಳಸಿದ ಪದ ಇದೇ. 'ದೇವರ ರಾಜ್ಯ' ಎಂಬಲ್ಲಿನ ರಾಜ್ಯಕ್ಕೂ ಗ್ರೀಕಿನಲ್ಲಿ 'ಬಸಿಲೇಯಿಯ' ಎಂದಿದೆ.

ಅರಸನ ಸಭಾಂಗಣ 'ಬಸಿಲಿಕೆ'. ರೋಮನರು ನ್ಯಾಯವಿಚಾರಣೆಗೂ ವ್ಯವಹಾರಕ್ಕೂ ಬಳಸುತ್ತಿದ್ದ ಉದ್ದನೆಯ ಕಟ್ಟಡಕ್ಕೆ ಈ ಹೆಸರಿಟ್ಟರು. 313ರಲ್ಲಿ ಕ್ರೈಸ್ತರಿಗೆ ಧರ್ಮಸ್ವಾತಂತ್ರ್ಯ ದೊರೆತ ಮೇಲೆ ದೊಡ್ಡ ದೇವಾಲಯಗಳು ಇದೇ ಮಾದರಿಯಲ್ಲಿ ಎದ್ದವು. ನ್ಯಾಯಾಧೀಶನ ಪೀಠವಿದ್ದ ಕಡೆಗೆ ಬಲಿಪೀಠ ಬಂತು. ಇಂದು ಬಸಿಲಿಕಾ ಎಂಬುದು ಕಟ್ಟಡದ ಆಕಾರವಲ್ಲ, ಪೋಪರು ನೀಡುವ ಗೌರವ.

ಇನ್ನು ಅಡುಗೆಯ ಬೇಸಿಲ್. ಗ್ರೀಕರಿಗೆ ಇದು 'ಅರಸು ಗಿಡ'. ನಮ್ಮಲ್ಲಿ ಕಾಮಕಸ್ತೂರಿ. ಫಲೂದಾದಲ್ಲಿ ನೆನೆದು ಉಬ್ಬುವ ಕಪ್ಪು ಬೀಜ ಇದರದ್ದೇ. ತುಳಸಿ ಇದರ ದಾಯಾದಿಯೇ ಹೊರತು ಇದೇ ಗಿಡವಲ್ಲ. ತುಳಸಿಗೆ ಇಂಗ್ಲಿಷಿನಲ್ಲಿ 'ಹೋಲಿ ಬೇಸಿಲ್' ಎನ್ನುವುದರಿಂದ ಗೊಂದಲವಾಗಿದೆ. ಪಾಸ್ತಾಕ್ಕೆ ತುಳಸಿ ಹಾಕಿ ನೋಡಿ, ಕಷಾಯದ ನೆನಪಾಗುತ್ತದೆ! ಸಂತ ಹೆಲೆನಾ ಶಿಲುಬೆಯನ್ನು ಕಂಡುಕೊಂಡ ಜಾಗದಲ್ಲಿ ಬೇಸಿಲ್ ಬೆಳೆದಿತ್ತೆಂಬುದು ಪೂರ್ವದ ಸಭೆಗಳ ಐತಿಹ್ಯ. ಅದಕ್ಕೇ ಗ್ರೀಕ್ ದೇವಾಲಯಗಳಲ್ಲಿ ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದಂದು ಇದರ ಕುಡಿಗಳನ್ನು ಭಕ್ತರಿಗೆ ಹಂಚುತ್ತಾರೆ.

ನೋಟದಿಂದಲೇ ಕೊಲ್ಲುತ್ತದೆಂದು ಕಥೆಗಳು ಹೇಳುವ ಸರ್ಪ 'ಬಸಿಲಿಸ್ಕ್' ಕೂಡ ಇದೇ ಮನೆತನದ್ದು. ಅರ್ಥ, ಪುಟ್ಟ ಅರಸ.

ಹೆಸರಾಗಿ ಬಾಸಿಲ್ ಕರಾವಳಿಗೆ ಹೊಸದಲ್ಲ. 1965ರಿಂದ 1996ರವರೆಗೆ ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದವರು ಬಾಸಿಲ್ ಸಾಲ್ವದೋರ್ ಡಿಸೋಜ. ಜನವರಿ 2ರಂದು ನಾವು ಸ್ಮರಿಸುವ ಮಹಾ ಸಂತ ಬಾಸಿಲರು ಇಂದಿನ ಟರ್ಕಿಯಲ್ಲಿರುವ ಸೆಸರಿಯದ ಧರ್ಮಾಧ್ಯಕ್ಷರು. 369ರ ಸುಮಾರಿಗೆ ಅಲ್ಲಿ ಬರಗಾಲ ಬಂದಾಗ ಕಣಜ ತೆರೆಯಿರೆಂದು ಶ್ರೀಮಂತರನ್ನು ಎಚ್ಚರಿಸಿದವರು ಅವರು. ಮುಂದೆ ಊರ ಹೊರಗೆ ಬಡವರಿಗೆ, ದಾರಿಹೋಕರಿಗೆ, ರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೂ ಅಲ್ಲಿ ಜಾಗವಿತ್ತು. ಅರಸನ ಅರ್ಥವುಳ್ಳ ಅವರ ಹೆಸರೇ ಆ ಆಶ್ರಯಕ್ಕೆ ಅಂಟಿಕೊಂಡಿತು: 'ಬಸಿಲಿಯಾಸ್'.